ಬೆಳ್ಳಕ್ಕಿಯ ನಡಿಗೆ

ಕೃಷ್ಣಾಬಾಯಿ ಅತ್ಯಾ ಅಡುಗೆಮನೆಯ ಹೊಸ್ತಿಲು ದಾಟಿ ಬಾವಿಕಟ್ಟೆ ಮುಟ್ಟಬೇಕಾದರೆ ಎಪ್ಪತ್ತೆರಡು ಚಿತ್ರ ಬೇಕು. ಸೆಕೆಂಡಿಗೆ ಹನ್ನೆರಡರಂತೆ ಆರು ಸೆಕೆಂಡು. ಎಣಿಸಬೇಕೆಂದು ಮಧುಕರ ಎಣಿಸಿದ್ದಲ್ಲ. ಆದಿತ್ಯವಾರದ ಬೆಳಿಗ್ಗೆ ಅಂಗೈಯಲ್ಲಿ ಹಲ್ಲುಪುಡಿ ಹಿಡಿದು ಬಚ್ಚಲ ಬಾಗಿಲಿಗೆ ಒರಗಿ ನಿಂತಿದ್ದಾಗ ಕಣ್ಣು ತಾನಾಗಿಯೇ ಎಣಿಸಿಬಿಟ್ಟಿತು. ಮಡಿಯುಟ್ಟು, ಬೋಳುತಲೆಯ ಮೇಲೆ ಕೆಂಪು ಸೆರಗು ಹೊದ್ದು, ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದು ಅತ್ಯಾ, ಅವನ ಸೋದರತ್ತೆ, ಬಂದಳು. ಮೊದಲನೆಯ ಹಾಸುಗಲ್ಲು, ಎರಡನೆಯದು. ಮೂರನೆಯದರ ಹತ್ತಿರ ಬಂದದ್ದೇ ಎರಡು ಬೆರಳಿನಿಂದ ನಿರಿಗೆ ಎತ್ತಿ, ಕುತ್ತಿಗೆಯನ್ನು ಒಂದಿಷ್ಟು ಮುಂದೆ ಚಾಚಿ, ಒಂದೇ ಕಾಲಿನ ಮೇಲೆ ಟಣ್ಣನೆ ಜಿಗಿದು ನಾಲ್ಕನೆಯದರ ಮೇಲೆ ಇಳಿದಳು. ಇಳಿದ ಮೇಲೆ ಯಾರಾದರೂ ನೋಡಿದರೋ ಎಂಬಂತೆ ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಏನೂ ಆಗದವಳ ಹಾಗೆ ಮುಂದೆ ನಡೆದಳು. ಜಿಗಿತಕ್ಕೆ ಒಂಬತ್ತು ಚಿತ್ರ, ಕತ್ತಿಗೆ ಹನ್ನೊಂದು. ಸಿನಿಮಾಕ್ಕೆ ಚಲಿಸುವ ಚಿತ್ರ ಬರೆಯಲು ಕೂತ ಎರಡು ವರ್ಷದಿಂದ ಅವನಿಗೆ ಅಂಟಿದ ಜಾಡ್ಯ ಇದು. ಟಾಂಗಾದ ಕುದುರೆ ಕಾಲೆತ್ತಿದರೆ ಎಣಿಕೆ, ಹೆಂಡತಿ ಭಾಮಾ ಭಕ್ಕರಿ ತಟ್ಟಿದರೆ ಎಣಿಕೆ, ಆರು ವರ್ಷದ ಮಗಳು ಅಪ್ಪಿ ಮೆಟ್ಟಿಲಿನಿಂದ ಮುಗ್ಗರಿಸಿ ಬಿದ್ದಾಗಲೂ ಓಡಿಹೋಗಿ ಎತ್ತುವ ಮೊದಲು ಎಣಿಸಿದ್ದ. ಕಲೆ ಅಂದರೆ ಇದೇ ಇರಬೇಕು. ರೋಗ ಅಂದರೂ ಅಡ್ಡಿಯಿಲ್ಲ. ಆದರೆ ಇವತ್ತು ಎಣಿಕೆ ಮುಗಿದದ್ದೇ ಮಧ್ಯಾಹ್ನದ ನೆನಪಾಯಿತು. ಮಧ್ಯಾಹ್ನ ಮೂರು ಗಂಟೆಯ ಆಟಕ್ಕೆ ಅತ್ಯಾ ಸಿನಿಮಾ ನೋಡಲು ಬರುತ್ತಾಳೆ. ಅಲ್ಲಿ, ಎರಡಾಳೆತ್ತರದ ಪರದೆಯ ಮೇಲೆ, ಊರ ಜನರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ, ತನ್ನದೇ ನಡಿಗೆಯನ್ನು ನೋಡುತ್ತಾಳೆ. ನೋಡಿ ಗುರುತು ಹಿಡಿದರೆ, ಇವಳು ತಟ್ಟಿ ಬಡಿಸಿದ ಭಕ್ಕರಿಯನ್ನು ನಾಳೆಯಿಂದ ಯಾವ ಮುಖ ಹೊತ್ತು ತಿನ್ನುವುದು?

ನದಿಯಾಚೆಯ ಒಂದು ತಗಡಿನ ಶೆಡ್ಡಿನಲ್ಲಿ ಮಧುಕರನೂ ಸೇರಿ ಐದು ಜನ ಕೂತು ಎರಡು ವರ್ಷ ತೆಗೆದ ಚಿತ್ರ ಅದು. ಯಜಮಾನ ಮಾರ್ತಾಂಡರಾವ್ ಮೊದಲು ನಾಟಕದ ಪರದೆ ಬರೆಯುತ್ತಿದ್ದವರು. ನಿಂತ ಚಿತ್ರ ನಡೆದಾಡಬೇಕೆಂಬ ಹುಚ್ಚು ಹತ್ತಿ, ಇದ್ದ ಹೊಲ ಮಾರಿ ಕ್ಯಾಮೆರಾ ತಂದವರು. ಇಪ್ಪತ್ತು ಸಾವಿರ ಚಿತ್ರ ಬರೆದು, ಒಂದೊಂದನ್ನೇ ಕ್ಯಾಮೆರಾದ ಕೆಳಗಿಟ್ಟು ಅರ್ಧ ಗಂಟೆಯ ಮರಾಠಿ ಕಥೆ ಮಾಡಿದ್ದರು. ತಾಯಿಯಿಂದ ತಪ್ಪಿಸಿಕೊಂಡ ಹಂಸದ ಮರಿಯೊಂದು ಮಾನಸಸರೋವರಕ್ಕೆ ದಾರಿ ಹುಡುಕುತ್ತ ಹೋಗುತ್ತದೆ. ಅದಕ್ಕೆ ಜೊತೆಯಾಗಿ ಬಗಳೀ ಮಾವಶಿ, ಅಂದರೆ ಕೊಕ್ಕರೆ ಚಿಕ್ಕಮ್ಮ, ಎಂಬ ಬೆಳ್ಳಕ್ಕಿ, ಬೇಡೂಕರಾವ್ ಎಂಬ ಕಪ್ಪೆ. ಕಪ್ಪೆಗೆ ಎಲ್ಲರನ್ನೂ ಅಪ್ಪಿಕೊಳ್ಳುವ ಚಟ. ಬೆಳ್ಳಕ್ಕಿಗೆ ಯಾರೂ ಮುಟ್ಟಕೂಡದು. ಕಪ್ಪೆ ಹಾರುತ್ತದೆ, ಬೆಳ್ಳಕ್ಕಿ “ಶಿವೂ ನಕಾ! ಶಿವೂ ನಕಾ!” ಅಂತ, ಮುಟ್ಟಬೇಡಿ ಮುಟ್ಟಬೇಡಿ ಅಂತ, ಒಂಟಿಕಾಲಿನಲ್ಲಿ ಜಿಗಿಯುತ್ತದೆ. ಇಷ್ಟೇ. ಹಂಸದ ಮರಿಗಾಗಿ ಮಾರ್ತಾಂಡರಾಯರು ಆರು ತಿಂಗಳು ನಿದ್ದೆಗೆಟ್ಟಿದ್ದರು. ಅದರ ಕಣ್ಣೀರಿನ ಒಂದು ಹನಿಗೆ ನಲವತ್ತು ಚಿತ್ರ ಖರ್ಚಾಗಿತ್ತು. ಆದರೆ ಚಿತ್ರ ತೆರೆಕಂಡು ಹದಿನೇಳು ದಿನವಾದರೂ ಊರಲ್ಲಿ ಒಂದು ಮಗುವಿಗೂ ಆ ಹಂಸದ ಹೆಸರು ಗೊತ್ತಿಲ್ಲ. ಶನಿವಾರ ಪೇಟೆಯ ಗಲ್ಲಿಯಲ್ಲಿ, ನದಿಯ ಘಾಟಿನಲ್ಲಿ, ಶಾಲೆ ಬಿಟ್ಟ ಹೊತ್ತಿಗೆ ಎಲ್ಲಿ ನೋಡಿದರಲ್ಲಿ ಒಂಟಿಕಾಲಿನ ಮಕ್ಕಳು. ಅಳುವವರ ಕೂಡ ಜನ ಒಂದು ಸಲ ಅಳುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ. ನಗಿಸಿದವರನ್ನು ಮಾತ್ರ ಮನೆಗೇ ಕರೆದುಕೊಂಡು ಹೋಗುತ್ತಾರೆ. ಮೊನ್ನೆ ನಾಲ್ಕಾರು ಬಿಡಾರಗಳಿರುವ ಇದೇ ವಾಡೆಯ ಅಂಗಳದಲ್ಲಿ, ತಂಬಿಗೆ ಹಿಡಿದು ಹೊರಟ ಅತ್ಯಾನ ಹಿಂದೆ ಮಹಡಿಯ ಮನೆಯ ಮೂರು ಮಕ್ಕಳು ಸಾಲಾಗಿ ಜಿಗಿಯುತ್ತ ಹೋದವು. ಅತ್ಯಾ ತಿರುಗಿ ನೋಡಿ, ತನ್ನ ಹಿಂದೆ ಏನೋ ಹೊಸ ಆಟ ನಡೆದಿದೆಯೆಂದು ನಕ್ಕಳು. ಕಿಟಕಿಯಲ್ಲಿ ನಿಂತಿದ್ದ ಮಧುಕರ ತಟ್ಟನೆ ಒಳಗೆ ಸರಿದಿದ್ದ.

ಬೆಳ್ಳಕ್ಕಿಯನ್ನು ಕದಿಯಬೇಕೆಂದು ಅವನು ಹೊರಟಿದ್ದು ಮನೆಗಲ್ಲ, ಕೋಥರೂಡಕ್ಕೆ. ಆ ಹಳ್ಳಿಯ ಹೊಲಗಳಲ್ಲಿ ದನಗಳ ಹಿಂದೆ ಬೆಳ್ಳಕ್ಕಿಗಳು ಬರುತ್ತವೆ, ಹೋಗಿ ಅಭ್ಯಾಸ ಮಾಡು ಎಂದು ಮಾರ್ತಾಂಡರಾಯರು ಎಂಟು ದಿನ ರಜೆ ಕೊಟ್ಟಂತೆ ಕಳಿಸಿದ್ದರು. ಬದುವಿನ ಮೇಲೆ ಕೂತು ಎರಡು ವಹಿ ತುಂಬ ಗೀಚಿದ. ಕೊಕ್ಕು ಬಂತು, ರೆಕ್ಕೆ ಬಂತು, ಹಕ್ಕಿ ಮಾತ್ರ ಬರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಮೋರೆ ಜೋಲು ಹಾಕಿಕೊಂಡು ಇದೇ ಬಚ್ಚಲ ಬಾಗಿಲಲ್ಲಿ ನಿಂತಿದ್ದಾಗ ಅತ್ಯಾ ಹೊಸ್ತಿಲು ದಾಟಿದಳು, ಮೂರನೆಯ ಕಲ್ಲು ಜಿಗಿದಳು, ಕತ್ತು ತಿರುಗಿಸಿದಳು. ಮೈ ಝುಂ ಎಂದಿತು. ಚಿಕ್ಕಂದಿನಿಂದ ನೋಡಿದ್ದನ್ನು ಅಂದು ನೋಡಿದ. ಶೆಡ್ಡಿಗೆ ಓಡಿದವನು ಮಧ್ಯಾಹ್ನದೊಳಗೆ ಎಪ್ಪತ್ತೆರಡೂ ಬರೆದು ಮುಗಿಸಿದ. ಬೆರಳಲ್ಲಿ ಹಾಳೆಗಳನ್ನು ಪಟಪಟನೆ ಸರಿಸಿ ತೋರಿಸಿದಾಗ ಮಾರ್ತಾಂಡರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ಅಷ್ಟಕ್ಕೇ ಸುಮ್ಮನಾಗಿದ್ದರೆ ಇವತ್ತು ಈ ಸಂಕಟವಿರುತ್ತಿರಲಿಲ್ಲ. ಹಕ್ಕಿಗೆ ದನಿ ಕೊಡಬೇಕಾಗಿದ್ದ ಲೋಕನಾಥ, “ಇದು ಮಾತಾಡಿದರೆ ಹೇಗೆ ಮಾತಾಡೀತು?” ಎಂದು ಮರಾಠಿಯಲ್ಲಿ ಕೇಳಿದ. ಮಧುಕರ ಮೇಜಿನ ಮೇಲಿದ್ದ ಬಣ್ಣ ಒರೆಸುವ ಪಂಚೆಯನ್ನು ತಲೆಯ ಮೇಲೆ ಹೊದ್ದ. ಎರಡು ಬೆರಳಲ್ಲಿ ಧೋತರ ಎತ್ತಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಅತ್ಯಾನ ಹಾಗೆ ಜಿಗಿಯುತ್ತ, ಅತ್ಯಾನ ದನಿಯಲ್ಲಿ, ಮನೆಯೊಳಗಿನ ಧಾರವಾಡದ ಕನ್ನಡದಲ್ಲೇ, “ಮುಟ್ಟಬ್ಯಾಡ್ರೋ, ಮಡಿ ಅದೇನಿ, ದೂರ ಸರೀರಿ!” ಎಂದು ಕೂಗಿದ. ನಾಲ್ಕು ಜನ ನೆಲಕ್ಕೆ ಬಿದ್ದು ನಕ್ಕರು. “ಆ ಒಂದು ಕಲ್ಲನ್ನು ಯಾಕೆ ಬಿಡುತ್ತಾಳೆ?” ಎಂದು ಲೋಕನಾಥ ಕಣ್ಣೊರೆಸಿಕೊಳ್ಳುತ್ತ ಕೇಳಿದಾಗ, “ಮಹಡಿಯ ಬಚ್ಚಲ ನೀರು ಯಾವ ಕಾಲದಲ್ಲೋ ಆ ಕಲ್ಲಿನ ಮೇಲೆ ಸೋರಿತ್ತಂತೆ. ನಮ್ಮ ಅತ್ಯಾನ ಲೆಕ್ಕದಲ್ಲಿ ಅದಕ್ಕೆ ಈ ಜನ್ಮದಲ್ಲಿ ಶುದ್ಧಿಯಿಲ್ಲ” ಎಂದ. ವಾಡೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಅದೇ. ಮತ್ತೆ ನಕ್ಕರು. ಆ ನಗು ಅವನಿಗೆ ರುಚಿಸಿತ್ತು; ಸುಳ್ಳು ಯಾಕೆ ಹೇಳಬೇಕು, ಬಹಳ ರುಚಿಸಿತ್ತು. ಪಂಚೆಯನ್ನು ತಲೆಯಿಂದ ತೆಗೆಯುವಾಗ ಅದರ ಎಣ್ಣೆವಾಸನೆ ಮೂಗಿಗೆ ಬಡಿದದ್ದು ಇನ್ನೂ ನೆನಪಿದೆ.

ಚಿಕ್ಕಂದಿನಲ್ಲಿ ಬೆಳಿಗ್ಗೆ ಅವನು ಅತ್ಯಾನ ಮೈ ಮುಟ್ಟುವಂತಿರಲಿಲ್ಲ. ಎರಡು ವರ್ಷದವನಿದ್ದಾಗ ತಾಯಿ ಸತ್ತಳು. ಅಂದಿನಿಂದ ತಾಯಿ ಅಂದರೆ ಮೂರು ಮೊಳ ದೂರದಲ್ಲಿ ನಿಲ್ಲುವ ಒಂದು ಕೆಂಪು ಸೀರೆ. ದೇವರ ನೈವೇದ್ಯವಾಗಿ ಎಲ್ಲರ ಊಟವಾಗುವ ತನಕ ಅತ್ಯಾ ಮಡಿ. ಅವನಿಗೆ ಬೇಸರ ಹೋಗಲೆಂದು ಒಂದು ರಂಗೋಲಿ ಹೆಂಟೆಯನ್ನು ದೂರದಿಂದ ಉರುಳಿಸಿಬಿಡುತ್ತಿದ್ದಳು. ಮನೆಯ ಮುಂದೆ ರಂಗೋಲಿ ಹಾಕಲು ಮುತ್ತೈದೆ ಇರಲಿಲ್ಲ, ಅವಳು ಹಾಕುವಂತಿರಲಿಲ್ಲ. ಹೆಂಟೆಗಳೆಲ್ಲ ಅವನ ಪಾಲು. ಅಂಗಳದಲ್ಲಿ ಕೂತು ಕುದುರೆ ಬರೆಯುತ್ತಿದ್ದ. ಒಂದು ದಿನ ಮುಂಜಾನೆ ಅಪ್ಪ ಆಫೀಸಿಗೆ ಹೊರಟವರು ಬೂಟುಗಾಲಿನಲ್ಲಿ ಕುದುರೆಯ ಹೊಟ್ಟೆಯ ಮೇಲೆ ಹಾದುಹೋದರು. ಬೂಟಿಗೆ ಬಿಳಿ ಹತ್ತಿತೆಂದು ಇವನಿಗೇ ಬೈದರು. ಅವನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಅತ್ಯಾ ಹೊಸ್ತಿಲ ಮೇಲೆ ನಿಂತಿದ್ದಳು. ಎತ್ತಿಕೊಳ್ಳಲಿಲ್ಲ. ಕೈ ಮುಂದೆ ಬಂದಂತೆ ಮಾಡಿ ಹಿಂದೆ ಹೋಯಿತು. “ಅಳಬ್ಯಾಡೋ ನನ್ನಪ್ಪಾ, ಇನ್ನೊಂದು ಕುದುರಿ ತಗಿ” ಎಂದು ಅಲ್ಲಿಂದಲೇ ಅಂದಳು. ಇಪ್ಪತ್ತೈದು ವರ್ಷವಾಯಿತು. ಆ ಹಿಂದೆ ಹೋದ ಕೈಯನ್ನು ಅವನು ಕ್ಷಮಿಸಿದ್ದೇನೆ ಎಂದುಕೊಂಡಿದ್ದ. ಪಂಚೆ ಹೊದ್ದು ಜಿಗಿದ ದಿನ ತಿಳಿಯಿತು, ಕ್ಷಮಿಸಿರಲಿಲ್ಲ.

“ಅಲ್ಲ್ರೀ, ಎಷ್ಟೊತ್ತು ಹಲ್ಲು ತಿಕ್ಕತೀರಿ? ಬಾಯಾಗ ಹಲ್ಲರೆ ಉಳದಾವೋ ಇಲ್ಲೋ?” ಭಾಮಾ ಒಳಗಿನಿಂದ ಕೂಗಿದಳು.

ಅವನು ಬಾಯಿ ತೊಳೆದು ಒಳಗೆ ಹೋಗಿ ಮಣೆಯ ಮೇಲೆ ಕೂತ. ಅತ್ಯಾ ಅಡುಗೆಮನೆಯಲ್ಲಿ ಒಲೆಯ ಮುಂದಿದ್ದಳು. ಗೂಟದ ಮೇಲೆ ಅವಳ ಧಾಬಳಿ ಆಗಲೇ ಮಡಿಸಿ ಇಟ್ಟಿತ್ತು. ಉಣ್ಣೆಯದಾದ್ದರಿಂದ ಧಾಬಳಿಗೆ ಮೈಲಿಗೆ ಇಲ್ಲ. ಥಿಯೇಟರಿನ ಕುರ್ಚಿಯ ಮೇಲೆ ಅದನ್ನು ಹಾಸಿ ಕೂಡುವ ಏರ್ಪಾಡು. ಐವತ್ತನಾಲ್ಕು ವರ್ಷದಲ್ಲಿ ಮೊದಲ ಸಿನಿಮಾ. ನಿನ್ನೆಯೇ ಎಲ್ಲ ಗೊತ್ತುಮಾಡಿಕೊಂಡಿದ್ದಾಳೆ.

“ಅತ್ಯಾ, ಇವತ್ತ ಭಾಳ ಗದ್ದಲ ಇರ್ತದ. ಆದಿತ್ಯವಾರ. ಟಿಕೀಟು ಸಿಗತಾವೋ ಇಲ್ಲೋ” ಎಂದ ಮಧುಕರ, ಅವಲಕ್ಕಿಯನ್ನು ನೋಡುತ್ತ.

“ಟಿಕೀಟು ನಾ ನಿನ್ನೇನ ತರಿಸೇನಿ” ಎಂದಳು ಭಾಮಾ. “ಬಾಲ್ಕನ್ಯಾಗ ಹೆಂಗಸರ ಕಡೆ ಮೂರು. ನಿಮಗ ಕೆಳಗ ಒಂದು.”

“ಅಲ್ಲಿ ಮಂದಿ ಮೈಮ್ಯಾಲೆ ಬೀಳ್ತಾರ ಅತ್ಯಾ. ಬೀಡಿ ಹೊಗಿ, ಶೇಂಗಾ ಸಿಪ್ಪಿ... ನಿನ್ನ ಮಡಿ...”

“ಬಂದು ಸ್ನಾನ ಮಾಡಿದ್ರಾತು” ಎಂದಳು ಅತ್ಯಾ, ಒಲೆಯ ಕಡೆ ಮುಖಮಾಡಿಯೇ. “ಪಂಢರಪುರದ ಗದ್ದಲದಾಗ ಹೋಗಿ ಬಂದಾಕಿ ನಾ. ಸಾಸವಡದ ತನಕ ಪಾಲಕಿ ಹಿಂದ ನಡದಾಕಿ. ಮೈಮ್ಯಾಲೆ ಬಿದ್ದ ಮಂದಿ ಎಷ್ಟು, ಲೆಕ್ಕ ಅದ ಏನು? ನೀ ಮಾಡಿದ ಸಿನಿಮಾ, ಊರೆಲ್ಲ ನೋಡ್ತದ, ನಾ ಒಬ್ಬಾಕಿ ನೋಡಬಾರದೇನು?”

“ಹಂಗಲ್ಲ...”

“ಹಂಗಲ್ಲಂದ್ರ ಹೆಂಗ? ಮೊದಲನೇ ದಿನ ನಾ ಕದದ ಹಿಂದ ನಿಂತಿದ್ದೆ. ನೀ ಹೊಂಟಾಗ ಎದುರು ಬರಬಾರದು ಅಂತ. ಇವತ್ತ ನೀ ಹೊಂಟಿಲ್ಲ, ನಾನ ಹೊಂಟೇನಿ. ಅಪಶಕುನ ಆದ್ರ ನನಗ ಆಗ್ಲಿ.” ಅವಳು ನಕ್ಕಳು. ಮಧುಕರನಿಗೆ ನಗಲಾಗಲಿಲ್ಲ. ಕದದ ಹಿಂದೆ ಅವಳು ನಿಲ್ಲುವುದು ಅವನಿಗೆ ಗೊತ್ತೇ ಇತ್ತು. ಪರೀಕ್ಷೆಗೆ ಹೋದ ದಿನ, ಭಾಮಾನನ್ನು ನೋಡಲು ಹೋದ ದಿನ, ಮೆಟ್ರಿಕ್ ಫಲಿತಾಂಶದ ದಿನ, ಕದದ ಸಂದಿಯಲ್ಲಿ ಒಂದು ಗೆರೆ ಕೆಂಪು.

“ಅಜ್ಜಿ, ಅಲ್ಲಿ ಬಗಳೀ ಮಾವಶಿ ಇದ್ದಾಳಲ್ಲ, ಅಕಿ ಹೆಂಗ ಹಾರತಾಳ ಗೊತ್ತೇನು?” ಅಪ್ಪಿ ತಾಟಿನ ಮುಂದಿನಿಂದ ಎದ್ದೇಬಿಟ್ಟಳು. ಎರಡು ಬೆರಳಲ್ಲಿ ಲಂಗ ಹಿಡಿದು...

“ಕೂತು ತಿನ್ನು!” ಮಧುಕರ ಗದರಿಸಿದ್ದು ಅವನಿಗೇ ಕರ್ಕಶವಾಗಿ ಕೇಳಿತು. ಅಪ್ಪಿ ತುಟಿ ಉಬ್ಬಿಸಿ ಕೂತಳು. ಭಾಮಾ ಗಂಡನನ್ನು ಒಂದು ನಿಮಿಷ ನೋಡಿದಳು. ಅವಳಿಗೆ ಗೊತ್ತಿತ್ತು. ಮೊದಲನೆಯ ದಿನ ಚಿತ್ರ ನೋಡಿ ಮನೆಗೆ ಬಂದವಳೇ, “ನಿಮಗ ಬೇರೆ ಯಾರೂ ಸಿಗಲಿಲ್ಲೇನ್ರಿ?” ಎಂದಿದ್ದಳು. ಹಾಗಿದ್ದೂ ಟಿಕೆಟ್ಟು ತರಿಸಿದವಳು ಅವಳೇ.

ಎರಡೂವರೆಗೆ ಟಾಂಗಾ ಬಂತು. ಮಧುಕರ ಗಾಡಿಯವನ ಪಕ್ಕ ಕೂತ. ಗಲ್ಲಿಯ ತಿರುವಿನಲ್ಲಿ ಜರಿಯ ರುಮಾಲಿನವರೊಬ್ಬರು ಎಲ್ಲಿಗೋ ಅವಸರದಲ್ಲಿ ಹೊರಟಿದ್ದವರು ಟಾಂಗಾದಲ್ಲಿ ಕೆಂಪು ಸೆರಗನ್ನು ಕಂಡು ಗಕ್ಕನೆ ನಿಂತು, ಅಪಶಕುನ ಕಳೆಯಲೆಂದು ಚಪ್ಪಲಿ ಬಿಟ್ಟು ಮತ್ತೆ ಮೆಟ್ಟಿ, ಬಂದ ದಾರಿಗೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತರು. ಅತ್ಯಾ ಸೆರಗನ್ನು ಇನ್ನೊಂದಿಷ್ಟು ಮುಂದೆ ಎಳೆದುಕೊಂಡಳು. ದಿನವೂ ಆಗುವುದು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಆದರೆ ಮಧುಕರ ಎಣಿಸಿದ: ನಿಂತದ್ದಕ್ಕೆ ಎರಡು, ಚಪ್ಪಲಿಗೆ ಹದಿನಾಲ್ಕು, ಹಿಂದೆ ಹೋಗಿದ್ದಕ್ಕೆ ಇಪ್ಪತ್ತು. ಇದನ್ನು ಬರೆದರೆ ಯಾರೂ ನಗುವುದಿಲ್ಲ. ನಗುವಂತಾದ್ದನ್ನೇ ಹುಡುಕಿ ತೆಗೆದವನು ತಾನು, ಅದೂ ತನ್ನನ್ನು ಸಾಕಿದವಳಿಂದ. ಇಳಿದು ಹಿಂದೆ ಹೋಗಿ, ಅತ್ಯಾ ಮನೆಗೆ ಹೋಗೋಣ ನಡಿ ಎಂದು ಹೇಳಬೇಕೆನಿಸಿತು. ಟಾಂಗಾ ಥಿಯೇಟರಿನ ಮುಂದೆ ನಿಂತಿತು.

ಕೆಳಗಿನ ಕುರ್ಚಿಯಲ್ಲಿ ಕೂತವನಿಗೆ ಬಾಲ್ಕನಿ ಕಾಣುವುದು ಹಿಂದಕ್ಕೆ ತಿರುಗಿದರೆ ಮಾತ್ರ. ದೀಪ ಆರಿದವು. ಹಂಸದ ಮರಿ ಗೂಡಿನಿಂದ ಜಾರಿತು, ನೀರಿಗೆ ಬಿತ್ತು, ಹನಿಗೆ ನಲವತ್ತರ ಕಣ್ಣೀರು ಸುರಿಸಿತು. ಮಕ್ಕಳು ಕುರ್ಚಿಯಲ್ಲಿ ಮಿಸುಕಾಡಿದವು. ಎಲ್ಲೋ ಒಂದು ಸಣ್ಣ ದನಿ, “ಮಾವಶಿ ಯಾವಾಗ ಬರುತ್ತಾಳೆ?” ಎಂದು ಮರಾಠಿಯಲ್ಲಿ ಕೇಳಿತು. ಇನ್ನೊಂದು ದನಿ ಸೇರಿತು. ಆಮೇಲೆ ಮುಂದಿನ ಸಾಲುಗಳಲ್ಲಿ ಕಾಲು ಬಡಿಯುತ್ತ ಕೂಗೇ ಸುರುವಾಯಿತು: “ಮಾವಶಿ ಯೇ! ಮಾವಶಿ ಯೇ!” ಬಾ ಮಾವಶಿ, ಬಾ. ಪರದೆಯ ಎಡತುದಿಯಲ್ಲಿ ಒಂದು ಕೊಕ್ಕು ಕಂಡಿತು. ಇಡೀ ಥಿಯೇಟರು ಹೋ ಎಂದಿತು. ತಲೆಯ ಮೇಲೆ ಹೊದ್ದಂತೆ ಒಂದು ಕಪ್ಪು ಮುಸುಕು, ಎರಡು ಬೆರಳಿನಂತೆ ಹಿಡಿದ ರೆಕ್ಕೆಯ ತುದಿ. ಒಂದು ಕಲ್ಲು, ಎರಡು ಕಲ್ಲು, ಜಿಗಿತ. ಕತ್ತು ಎಡಕ್ಕೆ, ಕತ್ತು ಬಲಕ್ಕೆ. ನಗೆಯ ಅಲೆ ಅವನ ಬೆನ್ನಿಗೆ ಬಂದು ಬಡಿಯಿತು. ಅವನು ಪರದೆ ನೋಡಲಿಲ್ಲ. ತಿರುಗಿ ಮೇಲೆ ನೋಡಿದ. ಪ್ರೊಜೆಕ್ಟರಿನ ಬೆಳಕಿನ ಕೋಲಿನ ಕೆಳಗೆ ಸಾಲಾಗಿ ಕೂತ ತಲೆಗಳು, ನಗುತ್ತ ಮುಂದೆ ಬಾಗುವ ತಲೆಗಳು. ನಡುವೆ ಒಂದು ಅಲುಗದ ತಲೆ. ಮುಖ ಕಾಣಲಿಲ್ಲ. ಪಕ್ಕದವರು, “ಅಹೋ, ಚಿತ್ರ ಅಲ್ಲಿದೆ, ಮುಂದೆ” ಎಂದು ಭುಜ ತಟ್ಟಿದರು.

ಚಿತ್ರ ಕಡೆಯ ಭಾಗಕ್ಕೆ ಬಂದಿತು. ಪ್ರವಾಹ, ಕೊಚ್ಚಿಹೋಗುತ್ತಿರುವ ಬೇಡೂಕರಾವ್, ದಂಡೆಯಲ್ಲಿ ಬೆಳ್ಳಕ್ಕಿ. ಈ ಕೊನೆಯನ್ನು ಮಧುಕರ ಯಾರಿಗೂ ಕೇಳದೆ ಬರೆದಿದ್ದ. ಮಾರ್ತಾಂಡರಾಯರಿಗೆ ಹಂಸವೇ ಕಪ್ಪೆಯನ್ನು ಕಾಪಾಡಬೇಕಾಗಿತ್ತು. ಬೆಳ್ಳಕ್ಕಿ ರೆಕ್ಕೆ ಮುಂದೆ ಚಾಚುತ್ತದೆ, ಹಿಂದೆ ಎಳೆದುಕೊಳ್ಳುತ್ತದೆ. ಮತ್ತೆ ಮುಂದೆ, ಮತ್ತೆ ಹಿಂದೆ. ನಾಲ್ಕು ಸೆಕೆಂಡು, ನಲವತ್ತೆಂಟು ಚಿತ್ರ. ಥಿಯೇಟರಿನಲ್ಲಿ ಉಸಿರಿನ ಸದ್ದಿಲ್ಲ. ಬೆಳ್ಳಕ್ಕಿ ನೀರಿಗೆ ಧುಮುಕಿ ಕಪ್ಪೆಯನ್ನು ಎದೆಗೆ ಅವುಚಿಕೊಂಡು ಮೇಲೆದ್ದಿತು. ಆ ಮೌನದಲ್ಲಿ ಬಾಲ್ಕನಿಯಿಂದ ಒಂದು ದನಿ, ಅಚ್ಚ ಧಾರವಾಡದ ದನಿ, ತಾನು ಎಲ್ಲಿದ್ದೇನೆಂಬುದನ್ನೂ ಮರೆತು ದೊಡ್ಡದಾಗಿ ಅಂದಿತು: “ಮಡಿ ಹೋದ್ರ ಹೋಗ್ಲಿ ಬಿಡ, ಎತ್ತಿಕೋ ಅದನ್ನ!”

ಯಾರಿಗೂ ಭಾಷೆ ತಿಳಿಯಲಿಲ್ಲ, ಆದರೂ ಎಲ್ಲರೂ ನಕ್ಕರು, ಮಕ್ಕಳು ಚಪ್ಪಾಳೆ ತಟ್ಟಿದವು. ಮಧುಕರ ಕತ್ತಲಲ್ಲಿ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ.

ಮರಳಿ ಬರುವಾಗ ಅತ್ಯಾ ಮಡಿಚಿದ ಧಾಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿ ನೋಡುತ್ತಿದ್ದಳು. ಅಪ್ಪಿಗೆ ತಡೆಯಲಾಗಲಿಲ್ಲ: “ಅಜ್ಜಿ, ಆ ಮಾವಶಿ ನಿನ್ನಂಗ...” ಭಾಮಾ ಅವಳ ತೊಡೆ ಚಿವುಟಿದ್ದು ಮಧುಕರನಿಗೆ ಬೆನ್ನ ಹಿಂದೆ ತಿಳಿಯಿತು. ಕುದುರೆಯ ಗೊರಸಿನ ಸದ್ದು. ಮನೆಗೆ ಬಂದವಳೇ ಅತ್ಯಾ ಬಚ್ಚಲಿಗೆ ಹೋದಳು. ತಣ್ಣೀರು ಕೊಡಕೊಡವೇ ಸುರಿದುಕೊಳ್ಳುವುದು ಕೇಳಿಸಿತು. ಅವನು ತುಳಸಿಕಟ್ಟೆಯ ಪಕ್ಕ ಕೂತು ಕಾದ. ಇಳಿಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಅತ್ಯಾ ಒಣಮಡಿಯುಟ್ಟು, ತಂಬಿಗೆ ಹಿಡಿದು ಹೊಸ್ತಿಲ ಮೇಲೆ ಬಂದಳು, ಅವನನ್ನು ನೋಡಿದಳು, ಅಂಗಳಕ್ಕೆ ಇಳಿದಳು. ಮೊದಲನೆಯ ಕಲ್ಲು. ಎರಡನೆಯದು. ಮೂರನೆಯದರ ಮುಂದೆ ಒಂದು ಕ್ಷಣ ನಿಂತಳು. ನಿರಿಗೆ ಎತ್ತಲಿಲ್ಲ. ಅಂಗಳದಲ್ಲೆಲ್ಲ ಅಗಲವಾದ, ನುಣುಪಾದ ಆ ಕಲ್ಲಿನ ಮೇಲೆ ಬಲಗಾಲಿಟ್ಟು, ಎಡಗಾಲಿಟ್ಟು, ಊರ ಬೇರೆ ಹೆಂಗಸರ ಹಾಗೆ ಸುಮ್ಮನೆ ನಡೆದು ಬಾವಿಕಟ್ಟೆಗೆ ಹೋದಳು.

ಅಷ್ಟು ವರ್ಷದ ಜಿಗಿತ ಒಂದೇ ಮಧ್ಯಾಹ್ನದಲ್ಲಿ ನಿಂತುಹೋಯಿತು. ನಾಚಿಕೆಯಿಂದ ನಿಂತಿತು. ನಿಲ್ಲಿಸಿದವನು ತಾನು.

“ಅತ್ಯಾ, ನನ್ನ ತಪ್ಪಾತು” ಎಂದ. “ಆ ಹಕ್ಕಿ... ನಿನ್ನ ನೋಡೇ ಬರದೆ.”

“ಗೊತ್ತಾತು. ನಾ ಏನು ಕುರುಡಿ ಏನು?” ಅತ್ಯಾ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. “ಸೆರಗು ನಂದು, ಕುತ್ತಿಗಿ ನಂದು. ಬರೀ ಕೊಕ್ಕೊಂದು ನಿಮ್ಮಪ್ಪನ ಮೂಗು.”

ಅವನಿಗೆ ನಗುವೋ ಅಳುವೋ ತಿಳಿಯಲಿಲ್ಲ. “ಎಲ್ಲಾರೂ ನಕ್ಕರಲ್ಲ ಅತ್ಯಾ. ನಿನ್ನ ನೋಡಿ ನಗೂಹಂಗ ಮಾಡಿದೆ.”

“ನಕ್ಕರು” ಎಂದಳು ಅತ್ಯಾ. “ಹದಿನೆಂಟರಾಗ ತಲಿ ಬೋಳಿಸಿದ್ರು. ಅವತ್ತಿನಿಂದ ನಾ ಎದುರು ಬಂದ್ರ ಮಂದಿ ಹೊಳ್ಳಿ ಹೋಗ್ತಾರ. ಮಧ್ಯಾನ್ನ ನೋಡಿದ್ಯಲ್ಲ, ರುಮಾಲಿನವ. ಅಲ್ಲಿ ಕತ್ತಲ್ಯಾಗ ಆ ಹುಡುಗರು ಏನು ಕೂಗಿದ್ರೋ ಮಧೂ? ಬಾ ಅಂದ್ರು. ಕಾಲು ಬಡದು ಬಡದು ಬಾ ಬಾ ಅಂದ್ರು. ನನ್ನ ಯಾರೂ ಹಂಗ ಕರದಿರಲಿಲ್ಲೋ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಆದ್ರ ಆ ಹಕ್ಕಿಗೆ ಒಂದೀಟು ಜುಟ್ಟರೆ ತಗೀಬೇಕಿತ್ತು. ಹೊಲದಾಗಿನ ಬೆಳ್ಳಕ್ಕಿಗೆ ಜುಟ್ಟು ಇರ್ತದ.”

“ಹಂಗಾದ್ರ ಈಗ ಯಾಕ ಜಿಗೀಲಿಲ್ಲ?” ಅವನು ಕೇಳಿದ. “ಸಿಟ್ಟಿಲ್ಲಂದ್ರ ಯಾಕ ಆ ಕಲ್ಲಿನ ಮ್ಯಾಲೆ ಕಾಲಿಟ್ಟಿ? ಅದು ಮೈಲಿಗಿ ಕಲ್ಲಲ್ಲ?”

“ಮೈಲಿಗಿ?” ಅತ್ಯಾ ನಿಜವಾಗಿಯೂ ಆಶ್ಚರ್ಯಪಟ್ಟಳು. “ಯಾರಂದ್ರು ನಿನಗ?”

“ಎಲ್ಲಾರೂ ಅಂತಾರ. ಮಹಡಿ ಬಚ್ಚಲ ನೀರು...”

“ಅಯ್ಯ, ಹುಚ್ಚಪ್ಪಾ. ಅಲ್ಲಿ ನಿನ್ನ ಕುದುರಿ ಇರ್ತಿದ್ವಲ್ಲೋ.” ಅವಳು ಆ ಕಲ್ಲಿನ ಕಡೆ ಬೆರಳು ತೋರಿಸಿದಳು. “ಅದಾ ನುಣ್ಣಂದು ಅಂತ ದಿನಾ ಅದರ ಮ್ಯಾಲೇ ಬರೀತಿದ್ದಿ. ನಿಮ್ಮಪ್ಪ ಒಂದು ಸರ್ತೆ ತುಳದ, ಎಷ್ಟು ಅತ್ತಿ ನೀನು. ನಾ ಮಡೀಲಿದ್ದೆ, ಎತ್ತಿಕೊಳ್ಳಿಕ್ಕೆ ಬರೂಹಂಗಿಲ್ಲ. ಮತ್ತೇನು ಮಾಡಲಿ? ನಾ ಆದ್ರೂ ತುಳೀಬಾರದು ಅಂತ ಜಿಗದೆ. ಆಮ್ಯಾಲೆ ನೀ ದೊಡ್ಡವಾದಿ, ಕುದುರಿ ಹೋದ್ವು. ಕಾಲು ಮರೀಲಿಲ್ಲ.” ತಂಬಿಗೆಯನ್ನು ಎತ್ತಿಕೊಂಡಳು. “ಇವತ್ತ ನೋಡಿ ಬಂದೆ. ನಿನ್ನ ಚಿತ್ರ ಅಷ್ಟು ಮ್ಯಾಲೆ, ಗ್ವಾಡಿ ಮ್ಯಾಲೆ ಅವ. ಅಲ್ಲಿ ಯಾರ ಕಾಲೂ ಮುಟ್ಟೂದಿಲ್ಲ. ಇನ್ನ ನಾ ನೆಟ್ಟಗ ನಡದ್ರ ನಡೀತದ ಅನಿಸ್ತು, ನಡದೆ.”

ತುಳಸಿಗೆ ನೀರು ಹಾಕಿ, ಅವನಿಂದ ಮೂರು ಮೊಳ ದೂರದಲ್ಲಿ ಹಾದು, ಅವಳು ಒಳಗೆ ಹೋದಳು. ಮಧುಕರ ಬಹಳ ಹೊತ್ತು ಅಲ್ಲೇ ಕೂತಿದ್ದ. ಪಂಚೆ ಹೊದ್ದು ಶೆಡ್ಡಿನುದ್ದಕ್ಕೂ ಜಿಗಿದಾಗ ತಾನು ಆಡಿಕೊಂಡು ನಕ್ಕಿದ್ದು ಯಾವುದನ್ನು ಎಂಬುದು ಈಗ ತಿಳಿದು, ಅವನಿಗೆ ಅಳು ಬಂದಿತು, ಅತ್ತ. ಆ ಹಿಂದೆ ಹೋದ ಕೈ ಇಪ್ಪತ್ತೈದು ವರ್ಷ ದಿನಾಲು ಈ ಅಂಗಳದಲ್ಲಿ ತನ್ನನ್ನು ಎತ್ತಿಕೊಳ್ಳುತ್ತಲೇ ಇತ್ತು, ತಾನು ಕೂತು ಎಣಿಸುತ್ತಿದ್ದ. ಭಾಮಾ ಬಾಗಿಲಿಗೆ ಬಂದು ನೋಡಿದಳು, ಏನೂ ಕೇಳದೆ ಒಳಗೆ ಹೋಗಿ ಅಪ್ಪಿಯ ಕೈಯಲ್ಲಿ ಚಹಾ ಕಳಿಸಿದಳು.

ಸೋಮವಾರ ಬೆಳಿಗ್ಗೆ ಭಾಮಾ ಬಾಗಿಲಿಗೆ ರಂಗೋಲಿ ಹಾಕಿ ಉಳಿಸಿದ್ದ ಹೆಂಟೆಯನ್ನು ಮಧುಕರ ಕೇಳಿ ತೆಗೆದುಕೊಂಡ. ಧೋತರ ಮೇಲೆ ಕಟ್ಟಿ ಮೂರನೆಯ ಕಲ್ಲಿನ ಮುಂದೆ ಮೊಣಕಾಲೂರಿದ. ಅಪ್ಪಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, “ಕಾಲು ಸೊಟ್ಟ ಆತು ಅಪ್ಪಾ” ಎಂದು ತಿದ್ದುತ್ತಿದ್ದಳು. ಉದ್ದನೆಯ ಕಾಲು ಬರೆದ, ಕೊಕ್ಕು ಬರೆದ, ಮುಸುಕು ಬರೆಯಲಿಲ್ಲ. ತಲೆಯ ಮೇಲೆ ಗಾಳಿಗೆ ಹಾರುವ ಹಾಗೆ ಉದ್ದವಾದ, ದಟ್ಟವಾದ ಒಂದು ಜುಟ್ಟು ಬರೆದ. ಹೊಸ್ತಿಲ ಮೇಲೆ ಕೆಂಪು ಸೀರೆ ಕಂಡಿತು. ಇಬ್ಬರೂ ಎದ್ದು ಬದಿಗೆ ಸರಿದರು. ಅತ್ಯಾ ಒಂದು ಕಲ್ಲು ದಾಟಿದಳು, ಎರಡು ದಾಟಿದಳು, ನಿಂತಳು. ಬಗ್ಗಿ ನೋಡಿದಳು. ಜುಟ್ಟನ್ನೇ ಬಹಳ ಹೊತ್ತು ನೋಡಿದಳು.

“ಇಷ್ಟು ದೊಡ್ಡ ಕತ್ತೆ ಆದಿ, ಇನ್ನೂ ನಡಿಯೂ ದಾರ್ಯಾಗೇ ಬರೀತಿ” ಎಂದಳು. “ಶೆಡ್ಡಿಗೆ ಹೊತ್ತಾಗೂದಿಲ್ಲೇನು ನಿನಗ?”

ಹೇಳುತ್ತಲೇ ಎರಡು ಬೆರಳಿನಿಂದ ನಿರಿಗೆ ಎತ್ತಿ, ಕುತ್ತಿಗೆ ಮುಂದೆ ಚಾಚಿ ಜಿಗಿದಳು. ಎಷ್ಟು ಚಿತ್ರವಾಯಿತೋ, ಮಧುಕರ ಎಣಿಸಲಿಲ್ಲ.